ಒಂದು ಗುಂಟೆ ಪ್ಲಾಸ್ಟಿಕ್ ಸೂರು ಸಾಕು, ಅರ್ಧ ಎಕರೆ ಸಾಲ ಬೇಡ

ವಾರಕ್ಕೆ ಇಬ್ಬರು ಮೂವರು ವಾಟ್ಸಾಪ್‌ನಲ್ಲಿ ಇದನ್ನೇ ಕೇಳ್ತಾರೆ: "ಅಣ್ಣಾ, ಅರ್ಧ ಎಕರೆ ಪಾಲಿಹೌಸ್ ಹಾಕೋಣ ಅಂತಿದ್ದೀನಿ, ಸಾಲ ಸಿಗುತ್ತೆ ಅಂದಿದ್ದಾರೆ, ಏನಂತೀರಿ?" ಕೇಳುವವರೆಲ್ಲ ಇಪ್ಪತ್ತೈದು, ಮೂವತ್ತರ ಆಸುಪಾಸಿನವರು. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇರುತ್ತೆ. ಯೂಟ್ಯೂಬ್‌ನಲ್ಲಿ ಕೆಂಪು, ಹಳದಿ ಕ್ಯಾಪ್ಸಿಕಂ ತೂಗಾಡೋದನ್ನ ನೋಡಿರ್ತಾರೆ. ನನ್ನ ಉತ್ತರ ಒಂದೇ. ಮೊದಲು ಒಂದು ಗುಂಟೆಯಲ್ಲಿ, ಕೈಯಲ್ಲಿರೋ ದುಡ್ಡಲ್ಲಿ, ಸೊಪ್ಪಿಗೋಸ್ಕರ ಒಂದು ಸಣ್ಣ ಪ್ಲಾಸ್ಟಿಕ್ ಮನೆ ಕಟ್ಟಿ. ಎರಡು ವರ್ಷ ನಡೆಸಿ. ಆಮೇಲೆ ಬ್ಯಾಂಕ್ ಮೆಟ್ಟಿಲು ಹತ್ತೋದು ಬೇಕಾ ಅಂತ ನೀವೇ ತೀರ್ಮಾನ ಮಾಡಿ.

ಲೆಕ್ಕ ನೋಡಿ. ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್‌ನ 2014ರ ಮಾರ್ಗಸೂಚಿಯಲ್ಲಿ ಅರ್ಧ ಎಕರೆ ಅಳತೆಯ ಪೈಪ್ ಪಾಲಿಹೌಸಿಗೆ ಚದರ ಮೀಟರಿಗೆ 890 ರೂಪಾಯಿ ಹಿಡಿದಿದ್ರು. ಅರ್ಧ ಎಕರೆಗೆ ಹತ್ತತ್ತಿರ 18 ಲಕ್ಷ. ಅದೇ ಪಟ್ಟಿಯಲ್ಲಿ ಬಿದಿರಿನ ಪಾಲಿಹೌಸಿಗೆ ಚದರ ಮೀಟರಿಗೆ 450 ರೂಪಾಯಿ. ಒಂದು ಗುಂಟೆ ಅಂದ್ರೆ ಸುಮಾರು 100 ಚದರ ಮೀಟರ್, ಅಲ್ಲಿಗೆ 45 ಸಾವಿರ. ದರ ಈಗ ಹಳೇದಾಯ್ತು, ಆದ್ರೆ ಎರಡರ ನಡುವಿನ ಅಂತರ ನೋಡಿ. 18 ಲಕ್ಷದಲ್ಲಿ ಅರ್ಧ ಸಹಾಯಧನ ಬಂದರೂ ಉಳಿದರ್ಧ ಸಾಲ ತಾನೇ? ಬಿದಿರಿನ ಮನೆ, ಒಳಗೆ ನಡೆದಾಡುವ ಟನೆಲ್, ಸಣ್ಣ ಪ್ಲಾಸ್ಟಿಕ್ ಟನೆಲ್ ಇವಕ್ಕೂ ಅದೇ ಮಾರ್ಗಸೂಚಿಯಲ್ಲಿ ಶೇ. 50 ಸಹಾಯಧನ ಇತ್ತು. ಇದರ ಬಗ್ಗೆ ಯಾರೂ ವಿಡಿಯೋ ಮಾಡಲ್ಲ, ಯಾಕಂದ್ರೆ ಇದರಲ್ಲಿ ಮಾರುವವರಿಗೆ ಏನೂ ಗಿಟ್ಟಲ್ಲ. ಈ ವರ್ಷದ ನಿಯಮ ಏನಿದೆ ಅಂತ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಕೇಳಿ.

ನಾನು ತೋಟಗಾರಿಕೆ ಪದವಿ ಓದುವಾಗ ಹಸಿರುಮನೆ ಪಾಠ ಶುರುವಾಗ್ತಿದ್ದದ್ದೇ ಶಾಖ ಹಿಡಿದಿಡೋದರಿಂದ. ಅದು ಚಳಿ ದೇಶದವರ ಕಷ್ಟ. ಹುತ್ತೂರು ಹೋಬಳಿಯಲ್ಲಿ ಡಿಸೆಂಬರ್‌ನಲ್ಲೂ ಕೊತ್ತಂಬರಿ ಚಳಿಗೆ ಸಾಯಲ್ಲ. ನಮ್ಮ ಸೊಪ್ಪು ಕೆಡೋದು ಸೆಪ್ಟೆಂಬರ್, ಅಕ್ಟೋಬರ್ ಜಡಿಮಳೆಗೆ. ಎಲೆಗೆ ಮಣ್ಣು ಸಿಡಿಯುತ್ತೆ, ಬುಡ ಕೊಳೆಯುತ್ತೆ, ಕಟ್ಟು ಕಟ್ಟಿ ಮಾರ್ಕೆಟ್ ಮುಟ್ಟಿಸೋ ಹೊತ್ತಿಗೆ ಒಳಗೆ ಬಿಸಿಯಾಗಿ ಕಪ್ಪಾಗಿರುತ್ತೆ. ಕಟ್ಟಿಗೆ ಬೆಲೆ ಏರೋದೂ ಅದೇ ದಿನಗಳಲ್ಲೇ. ಹಾಗಾಗಿ ನಮಗೆ ಬೇಕಾಗಿರೋದು ಕೊಡೆ. ಮೇಲೆ 200 ಮೈಕ್ರಾನ್ ಯುವಿ ಶೀಟ್, ಸುತ್ತ 40 ಮೆಶ್ ಕೀಟ ಪರದೆ, ನಡುವೆ ಹತ್ತಡಿ ಎತ್ತರ. ಸುತ್ತಲೂ ಪ್ಲಾಸ್ಟಿಕ್ ಮುಚ್ಚಿದ್ರೆ ಏಪ್ರಿಲ್‌ನಲ್ಲಿ ಅದು ಒಲೆ.

ಕೊಡೆ ಮಾಡುವ ಇನ್ನೊಂದು ಕೆಲಸ ಇದೆ, ನನಗೆ ಅದೇ ದೊಡ್ಡದು. ನಮ್ಮದು ವರ್ಷಪೂರ್ತಿ ಹರಿಯುವ ನದಿ ಇಲ್ಲದ ಜಿಲ್ಲೆ. ಸಾವಿರ ಅಡಿ ಕೊರೆದರೂ ನೀರು ಬಾರದ ಬೋರ್‌ವೆಲ್ ಯಾವ ಊರಲ್ಲಿಲ್ಲ ಹೇಳಿ? ವರ್ಷಕ್ಕೆ 700 ಮಿ.ಮೀ. ಮಳೆ ಅಂತ ಹಿಡಿದರೆ 100 ಚದರ ಮೀಟರ್ ಶೀಟ್ ಮೇಲೆ 70 ಸಾವಿರ ಲೀಟರ್ ಬೀಳುತ್ತೆ. ಡ್ರಿಪ್ ಹಾಕಿದ ಒಂದು ಗುಂಟೆ ಸೊಪ್ಪಿಗೆ ದಿನಕ್ಕೆ 200 ಲೀಟರ್ ಸಾಕಾಗುತ್ತೆ. ಎರಡೂ ಅಂಚಿಗೆ ಅರ್ಧ ಸೀಳಿದ ಪಿವಿಸಿ ಪೈಪ್ ಕಟ್ಟಿ, ಪಕ್ಕದಲ್ಲಿ ಟಾರ್ಪಾಲ್ ಹಾಸಿದ ಗುಂಡಿಯಲ್ಲಿ 20 ಸಾವಿರ ಲೀಟರ್ ಹಿಡಿದಿಟ್ರೂ ಮೂರು ತಿಂಗಳು ಕಳೆಯುತ್ತೆ. ಗುಂಡಿಗೆ ನೆರಳು ಪರದೆ ಮುಚ್ಚಿ, ಇಲ್ಲದಿದ್ರೆ ಬಿಸಿಲೇ ಅರ್ಧ ಕುಡಿಯುತ್ತೆ. ಮಗು ಬೀಳದ ಹಾಗೆ ಬೇಲಿನೂ ಹಾಕಿ. 2018ರಿಂದ ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗಳಿಗೆ ಬರ್ತಿದೆ, ಆದ್ರೆ ಅದು ಬೆಂಗಳೂರಿನ ಕೊಳಚೆಯನ್ನ ಎರಡು ಹಂತ ಶುದ್ಧ ಮಾಡಿ ಅಂತರ್ಜಲ ತುಂಬಿಸೋಕೆ ಬಿಟ್ಟ ನೀರು. ಹಸಿಯಾಗಿ ತಿನ್ನೋ ಪುದೀನ, ಕೊತ್ತಂಬರಿಗೆ ಕೆರೆಯಿಂದ ನೇರ ಮೋಟರ್ ಇಡೋದು ನನಗಂತೂ ಒಪ್ಪಿಗೆಯಿಲ್ಲ. ಸೂರಿನ ನೀರು ಇದ್ದರೆ ಆ ಚಿಂತೆಯೇ ಇಲ್ಲ.

ಇನ್ನು ಟೊಮೇಟೊ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದು ಯಾರೂ ಮರೆತಿಲ್ಲ. ಅದೇ ಟೊಮೇಟೊ ರಸ್ತೆ ಪಕ್ಕ ಸುರಿದ ವರ್ಷಗಳನ್ನ ಮಾತ್ರ ಬೇಗ ಮರೀತೀವಿ. ಸಣ್ಣ ಮನೆಯಲ್ಲಿ ಟೊಮೇಟೊ ಹಣ್ಣು ಬೆಳೆಯೋಕೆ ಹೋಗಬೇಡಿ, ಸಸಿ ಬೆಳೆಸಿ. ಎಲೆ ಮುಟುರು ರೋಗದ ವೈರಸ್ ಹೊತ್ತು ತರೋದು ಬಿಳಿನೊಣ, ಅದು ಹೆಚ್ಚು ಹಾಳು ಮಾಡೋದು ಎಳೆ ಸಸಿಯನ್ನೇ. ಪರದೆ ಒಳಗೆ 25 ದಿನ ಬೆಳೆದ ಟ್ರೇ ಸಸಿ ನಿಮ್ಮ ಹೊಲಕ್ಕೂ ಆಯ್ತು, ಪಕ್ಕದವರಿಗೆ ಮಾರೋಕೂ ಆಯ್ತು.

ಉಳಿದ ಜಾಗಕ್ಕೆ ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಪಾಲಕ್. ಮೆಂತ್ಯ ತಿಂಗಳೊಳಗೆ, ಕೊತ್ತಂಬರಿ 40-45 ದಿನಕ್ಕೆ ಕಟಾವು. ಎಲ್ಲ ಮಡಿಗೂ ಒಂದೇ ದಿನ ಬಿತ್ತಿದ್ರೆ ಎಲ್ಲ ಒಂದೇ ದಿನ ಕೊಯ್ಯಬೇಕು, ಆಗ ವ್ಯಾಪಾರಿ ಹೇಳಿದ್ದೇ ರೇಟು. ವಾರಕ್ಕೊಂದು ಮಡಿ ಬಿತ್ತಿ. ಪುದೀನಕ್ಕೆ ಒಂದು ಮಡಿ ಖಾಯಂ ಇರಲಿ, ಕೊಯ್ದ ಹಾಗೆ ಚಿಗುರ್ತಾ ಇರುತ್ತೆ. ಬೇಸಿಲ್, ಪಾರ್ಸ್ಲಿ ಅಂತ ಬೆಂಗಳೂರಿನ ಹೋಟೆಲ್ ಆಸೆಗೆ ಬಿತ್ತೋದಾದ್ರೆ ಆರ್ಡರ್ ಕೈಗೆ ಬಂದ ಮೇಲೆ ಮಾತ್ರ. ಆ ಸೊಪ್ಪನ್ನ ನಮ್ಮ ಸಂತೆಯಲ್ಲಿ ಹಸುಗೂ ಯಾರೂ ಕೊಳ್ಳಲ್ಲ.

ಮಾರಾಟಗಾರರು ಹೇಳದ ಒಂದು ವಿಷಯ ಮಣ್ಣಿಂದು. ಸೂರಿನ ಕೆಳಗೆ ಮಳೆ ಬೀಳಲ್ಲ, ಹಾಗಾಗಿ ಬೋರ್ ನೀರಿನ ಉಪ್ಪು ತೊಳೆದು ಹೋಗಲ್ಲ. ವರ್ಷ ಕಳೆದಂತೆ ಮೇಲೆ ಬಿಳಿ ಪದರ ಕಟ್ಟುತ್ತೆ. ಬೆಳೆ ಬದಲಿಸದಿದ್ರೆ ಬೇರುಗಂಟು ಜಂತು ಹುಳುನೂ ಮನೆ ಮಾಡುತ್ತೆ. ಮಳೆನೀರು ಬಳಸಿದ್ರೆ ಉಪ್ಪಿನ ಕಾಟ ಅರ್ಧ ತಗ್ಗುತ್ತೆ. ಜಂತು ಹುಳಕ್ಕೆ ವರ್ಷಕ್ಕೊಮ್ಮೆ ಚೆಂಡುಹೂ ಹಾಕಿ, ಬೇವಿನ ಹಿಂಡಿ ಕೊಡಿ. ಏಪ್ರಿಲ್, ಮೇನಲ್ಲಿ ಸೊಪ್ಪು ಹೇಗೂ ಬೇಗ ಹೂ ಕಟ್ಟುತ್ತೆ, ಆಗ ಬೆಳೆ ಬಿಡಿ. ಮಡಿ ಚೆನ್ನಾಗಿ ನೆನೆಸಿ, ತೆಳು ಪಾರದರ್ಶಕ ಶೀಟ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಐದಾರು ವಾರ ಬಿಸಿಲಿಗೆ ಬೇಯಿಸಿ.

"ಸಾವಯವ ಅಂತೀಯ, ಪ್ಲಾಸ್ಟಿಕ್ ಹಾಕ್ತೀಯ" ಅಂತ ನನ್ನನ್ನೂ ಛೇಡಿಸ್ತಾರೆ. ಶಿಲೀಂಧ್ರನಾಶಕ ಹೊಡೆಯದೆ ಮಳೆಗಾಲದಲ್ಲಿ ಸೊಪ್ಪು ಉಳಿಸೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ. ಒಳ್ಳೆ ಯುವಿ ಶೀಟ್ ಮೂರು ವರ್ಷ ಬರುತ್ತೆ. ಕಟ್ಟಡಕ್ಕೆ ಬಳಸೋ ಅಗ್ಗದ ಶೀಟ್ ಒಂದೇ ಬೇಸಿಗೆಗೆ ಪುಡಿಯಾಗಿ ಹೊಲದ ತುಂಬ ಚೂರಾಗುತ್ತೆ, ಅದನ್ನ ಮುಟ್ಟಬೇಡಿ. ಹಳೇ ಶೀಟ್ ಸುಡಬೇಡಿ, ಗುಜರಿಗೆ ಹಾಕಿ.

ಕಂಬಕ್ಕೆ ನಮ್ಮಲ್ಲಿ ನೀಲಗಿರಿಗೇನೂ ಬರ ಇಲ್ಲ. ಬುಡಕ್ಕೆ ಡಾಂಬರು ಬಳಿದು ಎರಡಡಿ ಹೂಳಿ, ಮಾರ್ಚ್ ಒಳಗೆ ಚೌಕಟ್ಟು ಮುಗಿಸಿ. ಶೀಟ್ ಮಾತ್ರ ಆಗಲೇ ಎಳೀಬೇಡಿ. ಏಪ್ರಿಲ್, ಮೇ ತಿಂಗಳ ಬಿರುಗಾಳಿ, ಆಲಿಕಲ್ಲು ಕಳೀಲಿ. ಜೂನ್‌ನಲ್ಲಿ ಗಾಳಿಯಿಲ್ಲದ ಒಂದು ಬೆಳಿಗ್ಗೆ ನಾಲ್ಕು ಜನ ಸೇರಿ ಎಳೆದು ಕಟ್ಟಿದ್ರೆ ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯುತ್ತೆ.