ಕೃತಿಯೂ ಪರಿಭಾಷೆಯೂ

ಪ್ರೌಢಶಾಲೆಯ ಇಂಗ್ಲಿಷ್ ಪ್ರಶ್ನಪತ್ರಿಕೆಯಲ್ಲಿ ಪದ್ಯದ ಒಂದು ಸಾಲನ್ನು ಕೊಟ್ಟು, ಅದರಲ್ಲಿರುವ ಅಲಂಕಾರ ಯಾವುದೆಂದು ಕೇಳುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ವಿದ್ಯಾರ್ಥಿಯು ‘ಸಿಮಿಲಿ’ ಎಂದೋ ‘ಮೆಟಫರ್’ ಎಂದೋ ಬರೆಯುತ್ತಾನೆ, ಅಂಕ ದೊರೆಯುತ್ತದೆ, ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಕವಿಯು ಒಂದು ವಸ್ತುವನ್ನು ಮತ್ತೊಂದಕ್ಕೆ ಏಕೆ ಹೋಲಿಸಿದನು, ಆ ಹೋಲಿಕೆಯಿಂದ ಓದುವವನ ಮನಸ್ಸಿನಲ್ಲಿ ಏನು ನಡೆಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಅವನೂ ಹೇಳುವುದಿಲ್ಲ. ಹೆಸರು ತಿಳಿಯಿತು, ಹೆಸರಿನ ಹಿಂದಿರುವ ವಸ್ತು ತಿಳಿಯಲಿಲ್ಲ. ಸಾಹಿತ್ಯದ ಪಾಠವು ಹೀಗೆ ಹೆಸರುಗಳ ಪಟ್ಟಿಯಾಗಿ ಮುಗಿಯುವುದು ವಿಷಾದದ ಸಂಗತಿ.

ಹಾಗೆಂದು ಪರಿಭಾಷೆಯೇ ವ್ಯರ್ಥವೆಂದು ಭಾವಿಸಬಾರದು. ಬಡಗಿಗೆ ಉಳಿ ಬಾಚಿಗಳ ಹೆಸರು, ಗಾಯಕನಿಗೆ ರಾಗತಾಳಗಳ ಹೆಸರು ಎಷ್ಟು ಅವಶ್ಯಕವೋ, ಸಾಹಿತ್ಯವನ್ನು ಅಭ್ಯಾಸ ಮಾಡುವವನಿಗೆ ಅದರ ಪಾರಿಭಾಷಿಕ ಪದಗಳೂ ಅಷ್ಟೇ ಅವಶ್ಯಕ. ಹೆಸರಿಲ್ಲದ ವಸ್ತು ಕಣ್ಣಿಗೆ ಬಿದ್ದರೂ ಮನಸ್ಸಿನಲ್ಲಿ ನಿಲ್ಲುವುದು ಕಷ್ಟ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವ್ಯದ ಗುಣದೋಷಗಳನ್ನೂ ಅಲಂಕಾರಗಳನ್ನೂ ಹೆಸರಿಸಿ ವಿವರಿಸಿದ್ದು ವೃಥಾ ಅಲ್ಲ. ಉಪಮೆ, ರೂಪಕಗಳನ್ನು ಕನ್ನಡ ಪಾಠದಲ್ಲಿ ಅರಿತ ಬಾಲಕನಿಗೆ ಇಂಗ್ಲಿಷಿನ ಸಿಮಿಲಿ, ಮೆಟಫರ್‌ಗಳು ಅಪರಿಚಿತ ಅತಿಥಿಗಳೇನೂ ಅಲ್ಲ. ಆದರೆ ಲಕ್ಷ್ಯವಿದ್ದಲ್ಲಿ ಲಕ್ಷಣವೇ ಹೊರತು ಲಕ್ಷಣದಿಂದ ಲಕ್ಷ್ಯ ಹುಟ್ಟುವುದಿಲ್ಲ. ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲನು ಗ್ರೀಕ್ ರುದ್ರನಾಟಕದ ಲಕ್ಷಣಗಳನ್ನು ಹೇಳುವ ಹೊತ್ತಿಗೆ ಸೋಫೊಕ್ಲಿಸನ ನಾಟಕಗಳು ಆಗಲೇ ಜನರನ್ನು ಅಳಿಸಿದ್ದುವು. ಅಳು ಮೊದಲು, ಅದರ ವಿವರಣೆ ಅನಂತರ. ಶಾಲೆಯಲ್ಲಿ ಈ ಕ್ರಮವು ತಲೆಕೆಳಗಾದುದೇ ತೊಡಕಿಗೆ ಮೂಲ.

ಕ್ರಮವು ಸರಿಯಾಗಿದ್ದರೆ ಪರಿಭಾಷೆಯು ಎಷ್ಟು ಉಪಕಾರಿಯಾಗುತ್ತದೆ ಎಂಬುದಕ್ಕೆ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಮೊದಲನೆಯ ಅಂಕವೇ ಸಾಕ್ಷಿ. ಸ್ಕಾಟ್ಲೆಂಡಿನ ದೊರೆ ಡಂಕನ್ನನು ದ್ರೋಹ ಬಗೆದ ಒಬ್ಬ ಸರದಾರನಿಗೆ ಮರಣದಂಡನೆ ವಿಧಿಸಿದ್ದಾನೆ. ಮುಖವನ್ನು ನೋಡಿ ಮನಸ್ಸನ್ನು ಅರಿಯುವ ವಿದ್ಯೆ ಇಲ್ಲವೆಂದೂ, ಆ ಸರದಾರನಲ್ಲಿ ತಾನು ಪೂರ್ಣ ವಿಶ್ವಾಸವಿಟ್ಟಿದ್ದೆನೆಂದೂ ಅವನು ನೊಂದು ನುಡಿಯುತ್ತಾನೆ. ಆ ಮಾತು ಮುಗಿಯುವಷ್ಟರಲ್ಲಿ ಮ್ಯಾಕ್‌ಬೆತ್ ಪ್ರವೇಶಿಸುತ್ತಾನೆ. ದೊರೆಯು ಅವನನ್ನು ಕೃತಜ್ಞತೆಯಿಂದ ಬರಮಾಡಿಕೊಳ್ಳುತ್ತಾನೆ. ಮ್ಯಾಕ್‌ಬೆತ್‌ನ ಮನಸ್ಸಿನಲ್ಲಿ ಆಗಲೇ ಕೊಲೆಯ ಯೋಚನೆ ಸುಳಿದಿರುವುದನ್ನು ಪ್ರೇಕ್ಷಕರು ಬಲ್ಲರು, ದೊರೆ ಅರಿಯ. ಮುಂದೆ ಅದೇ ದೊರೆಯು ಮ್ಯಾಕ್‌ಬೆತ್‌ನ ಕೋಟೆಯ ಬಾಗಿಲಿಗೆ ಬಂದು, ಅಲ್ಲಿಯ ಗಾಳಿ ಎಷ್ಟು ಹಿತವಾಗಿದೆಯೆಂದು ಹೊಗಳುತ್ತಾನೆ. ಒಳಗೆ ಅವನ ಸಾವು ಕಾದಿದೆ.

ಈ ದೃಶ್ಯವನ್ನು ಓದುವಾಗ, ದೊರೆಯನ್ನು ಕೂಗಿ ಎಚ್ಚರಿಸಬೇಕೆಂಬ ಚಡಪಡಿಕೆ ಯಾವ ವಿದ್ಯಾರ್ಥಿಯಲ್ಲಿ ಹುಟ್ಟುವುದೋ ಅವನಿಗೆ, ಪಾತ್ರಕ್ಕೆ ತಿಳಿಯದುದನ್ನು ಪ್ರೇಕ್ಷಕನು ತಿಳಿದಿರುವ ಈ ಸ್ಥಿತಿಗೆ ‘ನಾಟಕೀಯ ವ್ಯಂಗ್ಯ’ ಎಂದು ಹೆಸರು ಎಂದರೆ ಸಾಕು. ತನ್ನ ಚಡಪಡಿಕೆಗೆ ಒಂದು ಹಿಡಿ ಸಿಕ್ಕಿದಂತಾಗುತ್ತದೆ. ಅದನ್ನು ಹಿಡಿದು ಅವನು ಬೇರೆ ನಾಟಕಗಳಿಗೂ ಹೋಗಬಲ್ಲ. ವ್ಯಾಖ್ಯೆಯನ್ನು ಮೊದಲು ಕಂಠಪಾಠ ಮಾಡಿ, ಉದಾಹರಣೆಗಾಗಿ ಡಂಕನ್ನನನ್ನು ನೆನಪಿಟ್ಟುಕೊಂಡವನಿಗಾದರೋ ಆ ದೊರೆಯು ಸತ್ತರೂ ಒಂದೇ, ಬದುಕಿದರೂ ಒಂದೇ.

ಪರಿಭಾಷೆಯು ಉಪಕಾರ ಮಾಡುವುದಿರಲಿ, ಕೆಲವೊಮ್ಮೆ ಕೃತಿಗೇ ಅಡ್ಡ ನಿಲ್ಲುವುದೂ ಉಂಟು. ರುದ್ರನಾಟಕದ ನಾಯಕನಲ್ಲಿ ಒಂದು ‘ದುರಂತ ದೋಷ’ ಇರಬೇಕೆಂಬ ಸೂತ್ರವು ಶಾಲೆಗಳಲ್ಲಿ ಬಹಳ ಪ್ರಚಾರದಲ್ಲಿದೆ. ಒಥೆಲೊಗೆ ಅಸೂಯೆ, ಹ್ಯಾಮ್ಲೆಟ್‌ಗೆ ವಿಳಂಬ, ಮ್ಯಾಕ್‌ಬೆತ್‌ಗೆ ಮಹತ್ವಾಕಾಂಕ್ಷೆ ಎಂದು ಒಬ್ಬೊಬ್ಬನಿಗೆ ಒಂದೊಂದು ಚೀಟಿ ಅಂಟಿಸಿದರೆ ಉತ್ತರ ಮುಗಿಯಿತು. ಈ ಸೂತ್ರಕ್ಕೆ ಮೂಲವಾದ ಅರಿಸ್ಟಾಟಲನ ಮಾತು ‘ಹಮಾರ್ತಿಯ’. ಗುರಿ ತಪ್ಪುವುದು, ಎಡವುವುದು ಎಂಬುದು ಆ ಗ್ರೀಕ್ ಶಬ್ದದ ಹಿನ್ನೆಲೆ; ಅದು ಸ್ವಭಾವದ ಕಳಂಕವನ್ನೇ ಹೇಳಬೇಕೆಂದಿಲ್ಲ. ಅರಿಸ್ಟಾಟಲನು ಮತ್ತೆ ಮತ್ತೆ ಉದಾಹರಿಸುವ ಈಡಿಪಸನು ತಂದೆಯನ್ನು ಕೊಂದುದು, ತಾಯಿಯನ್ನು ವರಿಸಿದುದು ಅವರು ಯಾರೆಂದು ಅರಿಯದೆ. ತನ್ನ ಪ್ರಜೆಗಳನ್ನು ಮಹಾಮಾರಿಯಿಂದ ಪಾರುಮಾಡಲು ಸತ್ಯವನ್ನು ಹುಡುಕಹೊರಟು, ಆ ಹುಡುಕಾಟದಿಂದಲೇ ಅವನು ನಾಶವಾಗುತ್ತಾನೆ. ಅವನಿಗೆ ‘ಅಹಂಕಾರ’ವೆಂಬ ಚೀಟಿ ಅಂಟಿಸಿ ಸುಮ್ಮನಾದರೆ, ಒಳ್ಳೆಯದನ್ನು ಬಯಸಿದವನಿಗೂ ಇಂಥ ಗತಿ ಬರಬಹುದೆಂಬ ಭಯವೇ ಮಾಯವಾಗುತ್ತದೆ. ಆ ಭಯವಿಲ್ಲದೆ ರುದ್ರನಾಟಕವಿಲ್ಲ.

ಮ್ಯಾಕ್‌ಬೆತ್‌ನ ವಿಷಯದಲ್ಲಿಯೂ ಹಾಗೆಯೇ. ಮಹತ್ವಾಕಾಂಕ್ಷೆ ಅವನಲ್ಲಿದೆ ನಿಜ. ಅವನೇ ಅದನ್ನು ಒಪ್ಪಿಕೊಳ್ಳುತ್ತಾನೆ. ಆದರೆ ಡಂಕನ್ ತನ್ನ ಬಂಧು, ತನ್ನ ಪ್ರಭು, ತನ್ನ ಮನೆಗೆ ಬಂದ ಅತಿಥಿ, ಮೇಲಾಗಿ ಸಜ್ಜನ ಎಂದು ಕೊಲ್ಲಬಾರದೆಂಬುದಕ್ಕೆ ಒಂದೊಂದಾಗಿ ಕಾರಣ ಕೊಡುವವನೂ ಅವನೇ. ತಿಳಿದೂ ತಿಳಿದೂ ಮನುಷ್ಯನು ಕೆಡುಕಿಗೆ ಕೈಹಾಕುವುದೇಕೆ ಎಂಬುದು ಆ ನಾಟಕದ ಪ್ರಶ್ನೆ. ಒಂದು ಶಬ್ದವನ್ನು ಉತ್ತರವಾಗಿ ಬರೆದವನು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲೇ ಇಲ್ಲ.

ಪರಿಭಾಷೆಯನ್ನು ಪಾಠದಿಂದ ತೆಗೆದುಹಾಕುವುದೇ ಲೇಸೆಂದು ಕೆಲವರು ವಾದಿಸಬಹುದು. ಅದು ಸರಿಯಲ್ಲ. ಸಮಾನವಾದ ಮಾತುಗಳಿಲ್ಲದಿದ್ದರೆ ಇಬ್ಬರು ಓದುಗರು ಒಂದು ಪದ್ಯವನ್ನು ಕುರಿತು ಚರ್ಚಿಸಲಾರರು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬಲ್ಲಿಗೆ ವಿಚಾರ ನಿಂತುಹೋಗುತ್ತದೆ. ತುಂಬಿದ ತರಗತಿಯಲ್ಲಿ ಅಧ್ಯಾಪಕರು ಪ್ರತಿಯೊಬ್ಬನ ರಸಾನುಭವವನ್ನು ಅಳೆಯಲಾರರು, ಹೆಸರು ಸರಿಯೋ ತಪ್ಪೋ ಎಂದು ನೋಡುವುದಷ್ಟೇ ಸಾಧ್ಯ ಎಂಬ ಇನ್ನೊಂದು ಮಾತೂ ಇದೆ. ಇದರಲ್ಲಿ ನಿಜಾಂಶವಿದೆ. ಆದರೂ ಪ್ರಶ್ನೆಯನ್ನು ತುಸು ತಿರುಗಿಸಿ ಕೇಳುವುದರಿಂದ ಅಳತೆಗೆ ಭಂಗವೇನೂ ಇಲ್ಲ. ‘ಇದು ಯಾವ ಅಲಂಕಾರ?’ ಎಂದು ಕೇಳಿ ಬಿಡುವ ಬದಲು, ‘ಈ ರೂಪಕವನ್ನು ತೆಗೆದು ಸಾದಾ ಮಾತಿನಲ್ಲಿ ಹೇಳಿದರೆ ಸಾಲು ಏನನ್ನು ಕಳೆದುಕೊಳ್ಳುತ್ತದೆ?’ ಎಂದು ಕೇಳಬಹುದು. ಇದಕ್ಕೆ ಎರಡೇ ವಾಕ್ಯಗಳ ಉತ್ತರ ಸಾಕು. ಆದರೆ ಸಾಲನ್ನು ಓದದೆ ಅವನ್ನು ಬರೆಯಲು ಬಾರದು.

ಇಂಗ್ಲಿಷ್ ಸಾಹಿತ್ಯವನ್ನು ಹೀಗೆ ನಿಜವಾಗಿ ಓದಿದವರಿಂದ ಏನಾಯಿತೆಂಬುದಕ್ಕೆ ಕನ್ನಡವೇ ನಿದರ್ಶನ. ಬಿ. ಎಂ. ಶ್ರೀಕಂಠಯ್ಯನವರು ಆ ಭಾಷೆಯ ಕವಿತೆಗಳನ್ನು ಕೇವಲ ಲಕ್ಷಣಗಳಿಗಾಗಿ ಓದಿದ್ದರೆ ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವು ಹೊರಬರುತ್ತಿರಲಿಲ್ಲ. ಗ್ರೀಕ್ ರುದ್ರನಾಟಕದ ಮರ್ಮವನ್ನು ಅರಿತಿದ್ದುದರಿಂದಲೇ ಅವರು ಸೋಫೊಕ್ಲಿಸನ ‘ಏಜಾಕ್ಸ್’ ನಾಟಕದ ನಾಯಕನನ್ನು ಮಹಾಭಾರತದ ಅಶ್ವತ್ಥಾಮನಲ್ಲಿ ಕಂಡು ‘ಅಶ್ವತ್ಥಾಮನ್’ ನಾಟಕವನ್ನು ರಚಿಸಿದರು. ಕುವೆಂಪು ಅವರು ‘ಹ್ಯಾಮ್ಲೆಟ್’ ನಾಟಕವನ್ನು ಬಿದನೂರಿನ ಅರಮನೆಗೆ ತಂದು ‘ರಕ್ತಾಕ್ಷಿ’ಯನ್ನಾಗಿಸಿದರು. ಕೃತಿಯ ಉಸಿರು ಹಿಡಿದವರಿಗೆ ಮಾತ್ರ ಅದನ್ನು ಮತ್ತೊಂದು ನೆಲದಲ್ಲಿ ನೆಡುವುದು ಸಾಧ್ಯ.

ಎಲ್ಲ ವಿದ್ಯಾರ್ಥಿಗಳೂ ಕವಿಗಳಾಗಬೇಕಾಗಿಲ್ಲ. ಆದರೆ ಎಲ್ಲರೂ ಪ್ರಜೆಗಳಾಗುತ್ತಾರೆ. ಜಾರ್ಜ್ ಆರ್ವೆಲ್ ೧೯೪೫ರಲ್ಲಿ ಪ್ರಕಟಿಸಿದ ‘ಅನಿಮಲ್ ಫಾರ್ಮ್’ ಕಥೆಯನ್ನು ‘ಅನ್ಯೋಕ್ತಿ’ಗೆ ಉದಾಹರಣೆಯಾಗಿ ಹಲವೆಡೆ ಶಾಲೆಗಳಲ್ಲಿ ಓದಿಸುತ್ತಾರೆ. ನೆಪೋಲಿಯನ್ ಎಂಬ ಹಂದಿ ರಷ್ಯದ ಸ್ಟಾಲಿನ್, ಬಾಕ್ಸರ್ ಎಂಬ ಕುದುರೆ ದುಡಿಯುವ ವರ್ಗ ಎಂದು ಜೋಡಿಸಿ ಬರೆಯುವುದು ಸುಲಭ. ಆದರೆ ಆ ಕಥೆಯಲ್ಲಿಯೇ ಓದಿನ ಕಥೆಯೊಂದು ಅಡಗಿದೆ. ಪಶುಗಳು ತಮ್ಮ ಏಳು ಕಟ್ಟಳೆಗಳನ್ನು ಗೋಡೆಯ ಮೇಲೆ ಬರೆದುಕೊಂಡಿವೆ. ಆಳುವ ಹಂದಿಗಳು ಅವನ್ನು ಒಂದೊಂದಾಗಿ ಗುಟ್ಟಿನಲ್ಲಿ ತಿದ್ದುತ್ತವೆ. ಕ್ಲೋವರ್ ಎಂಬ ಹೆಣ್ಣುಕುದುರೆಗೆ ಅಕ್ಷರಗಳೆಲ್ಲ ಬರುತ್ತವೆ, ಕೂಡಿಸಿ ಓದಲು ಬಾರದು. ಗೋಡೆಯಲ್ಲಿ ಏನೋ ಬದಲಾದಂತೆ ಕಂಡರೂ ಅದು ತನ್ನ ನೆನಪನ್ನೇ ಸಂದೇಹಿಸುತ್ತದೆ. ಬೆಂಜಮಿನ್ ಎಂಬ ಕತ್ತೆಗೆ ಚೆನ್ನಾಗಿ ಓದಲು ಬರುತ್ತದೆ, ಆದರೆ ಓದುವ ಮನಸ್ಸಿಲ್ಲ. ಗೆಳೆಯ ಬಾಕ್ಸರನನ್ನು ಕೊಂಡೊಯ್ಯುವ ಗಾಡಿಯ ಮೇಲಿನ ಬರೆಹವನ್ನು ಅದು ಗಟ್ಟಿಯಾಗಿ ಓದಿ ಹೇಳಿದಾಗ, ಅದು ಕಟುಕನ ಗಾಡಿಯೆಂದು ಎಲ್ಲರಿಗೂ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಗಾಡಿ ಹೊರಟುಬಿಟ್ಟಿರುತ್ತದೆ.

ಹೆಸರುಗಳನ್ನು ಮಾತ್ರ ಕಲಿತ ವಿದ್ಯಾರ್ಥಿಯು ಅಕ್ಷರ ಬಲ್ಲ ಕ್ಲೋವರಿನಂತೆ. ಅವನು ವ್ಯಂಗ್ಯದ ವ್ಯಾಖ್ಯೆಯನ್ನು ಒಪ್ಪಿಸಬಲ್ಲ. ಹೊಗಳಿಕೆಯ ಹೊದಿಕೆಯಲ್ಲಿ ಬಂದ ಮೋಸವನ್ನು ಗುರುತಿಸಲಾರ. ರೂಪಕದ ಲಕ್ಷಣವನ್ನು ಬರೆಯಬಲ್ಲ. ಸುಂದರವಾದ ರೂಪಕವೊಂದನ್ನು ಮುಂದಿಟ್ಟು ಯಾರಾದರೂ ತನ್ನ ವಿವೇಕವನ್ನು ಕಸಿದುಕೊಂಡರೆ ಎಚ್ಚರಗೊಳ್ಳಲಾರ. ಪರೀಕ್ಷೆ ಮುಗಿದು ವರ್ಷಗಳು ಕಳೆದ ಮೇಲೆ ವ್ಯಾಖ್ಯೆಗಳು ಮರೆತುಹೋಗುತ್ತವೆ, ಮರೆತರೆ ನಷ್ಟವಿಲ್ಲ. ಡಂಕನ್ನನು ಕೋಟೆಯ ಬಾಗಿಲಲ್ಲಿ ನಿಂತಾಗ ಹುಟ್ಟಿದ ಚಡಪಡಿಕೆ ಮನಸ್ಸಿನಲ್ಲಿ ಉಳಿದರೆ, ಗೋಡೆಯ ಬರೆಹವು ಬದಲಾದ ದಿನ ಅದು ಕಣ್ಣಿಗೆ ಬಿದ್ದರೆ, ಆ ಪಾಠವು ಸಾರ್ಥಕವಾಯಿತು.