ತಾತನ ಊರು ಗೊತ್ತಿಲ್ಲದವನು ನಾಡಿನ ಚರಿತ್ರೆ ಏನು ಹೇಳಿಯಾನು?



ನಿಮ್ಮ ಮುತ್ತಜ್ಜಿಯ ಹೆಸರೇನು? ಆಕೆ ಯಾವ ಊರಿನಿಂದ ನಿಮ್ಮ ಮನೆಗೆ ಸೊಸೆಯಾಗಿ ಬಂದವಳು? ಥಟ್ಟನೆ ಹೇಳಿ ನೋಡೋಣ! ಬಹುಪಾಲು ಜನ ಇಲ್ಲೇ ತಡವರಿಸುತ್ತೀರಿ. ತಪ್ಪು ನಿಮ್ಮದಲ್ಲ. ಹೇಳಬೇಕಾದವರು ಹೇಳಲಿಲ್ಲ, ಉಳಿಸಬೇಕಾದವರು ಉಳಿಸಲಿಲ್ಲ. ಆ ತಪ್ಪಿತಸ್ಥರ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ನಮ್ಮದು ಅಪ್ಪನ ಕಾಲದ ಪ್ರೆಸ್ಸು. ಮೊಳೆ ಜೋಡಿಸಿ ಟ್ರೆಡಲ್ ಮೇಲೆ ಅಚ್ಚು ಹಾಕುತ್ತಿದ್ದ ದಿನಗಳಿಂದಲೂ ಅಪ್ಪ ಪ್ರತಿ ಲಗ್ನಪತ್ರಿಕೆಯ ಒಂದೊಂದು ಪ್ರತಿಯನ್ನು ದಪ್ಪ ಪುಸ್ತಕಕ್ಕೆ ಅಂಟಿಸಿ ಇಡುತ್ತಿದ್ದರು. 2009ರಲ್ಲಿ ಆಫ್‌ಸೆಟ್ ಯಂತ್ರಕ್ಕೆ ಜಾಗ ಬೇಕಾಯಿತು. ಆ ಪುಸ್ತಕಗಳನ್ನು ಮೂರು ಚೀಲಕ್ಕೆ ತುಂಬಿ ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಅಪ್ಪ ಒಂದು ಮಾತೂ ಆಡಲಿಲ್ಲ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದ. “ಅಣ್ಣಾ, ನಮ್ಮ ತಾತನ ಲಗ್ನಪತ್ರಿಕೆ ನಿಮ್ಮಲ್ಲೇ ಅಚ್ಚಾಗಿದ್ದಂತೆ. ಅಜ್ಜಿಗೆ ಈಗ ಮರೆವು. ತವರಿಗೆ ಕರಕೊಂಡು ಹೋಗು ಅಂತ ದಿನಾ ಅಳ್ತಾಳೆ, ಯಾವ ಊರು ಅಂತ ಹೇಳೋಕೆ ಬರಲ್ಲ. ಪತ್ರಿಕೇಲಿ ಇರುತ್ತಲ್ವಾ?” ಇರುತ್ತಿತ್ತು. ಊರು, ಹೋಬಳಿ, ತಾಲ್ಲೂಕು ಎಲ್ಲವೂ ಇರುತ್ತಿತ್ತು. ನಾನು ತಲೆ ತಗ್ಗಿಸಿ ನಿಂತೆ.

ಹಳೆಯ ಲಗ್ನಪತ್ರಿಕೆ ಬರೀ ಊಟದ ಕರೆಯಲ್ಲ ಗೆಳೆಯರೇ! ಅಜ್ಜ ಅಜ್ಜಿಯರ ಹೆಸರು, ಬಂಧುಗಳ ಪಟ್ಟಿ, ಊರಿನ ವಿಳಾಸ ಎಲ್ಲ ಅದರಲ್ಲಿವೆ. ಹಳೆಯ ಕ್ರಯಪತ್ರದ ಚಕ್ಕುಬಂದಿ ಓದಿ: ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಕೆರೆ ಎಂದು ಬರೆದಿರುತ್ತದೆ. ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಕಡೆ ಧರ್ಮಾಂಬುಧಿ ಕೆರೆ ಇತ್ತು, ಕಂಠೀರವ ಕ್ರೀಡಾಂಗಣದ ಕಡೆ ಸಂಪಂಗಿ ಕೆರೆ ಇತ್ತು. ನಿಮ್ಮ ಬಡಾವಣೆಯ ಕೆಳಗೆ ಯಾವ ಕೆರೆ ಮಲಗಿದೆಯೋ, ನಿಮ್ಮ ಮನೆಯ ಟ್ರಂಕನ್ನು ಕೇಳಿ.

ವಂಶಾವಳಿ ರಾಜರಿಗೆ ಮಾತ್ರ ಎಂದವರಾರು? ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನೊಂದಿಗೆ ಊರೂರು ತಿರುಗಿ, ಸಾಮಾನ್ಯ ರೈತನ ಮನೆಯ ಬಾಗಿಲಲ್ಲೂ ತಲೆತಲಾಂತರದ ಹೆಸರು ಹಾಡಿ, ಹೊಸದಾಗಿ ಹುಟ್ಟಿದ ಮಗುವಿನ ಹೆಸರನ್ನೂ ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಹೋಗುತ್ತಿದ್ದರು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಎಂಬ ಇಂಗ್ಲಿಷರವನು ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಕಲೆಹಾಕಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಬೇಗೂರಿನ ಸುಮಾರು 890ರ ಶಾಸನದಲ್ಲಿ ಬೆಂಗಳೂರು ಎಂಬ ಹೆಸರಿದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೂ ಆರೂವರೆ ಶತಮಾನ ಮೊದಲು! ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಸುಮಾರು 750ರದ್ದು. ಅದು 2018ರಲ್ಲಿ ಬೆಳಕಿಗೆ ಬಂದಾಗ ಅಲ್ಲಿನ ಜನರೇ ಮುಂದೆ ನಿಂತು ಮಂಟಪ ಕಟ್ಟಿದರು. ಕಲ್ಲಿಗೆ ಮಂಟಪ ಸಿಕ್ಕಿತು, ನಮ್ಮ ಕಾಗದಗಳಿಗೆ?

ಅದಕ್ಕೆ ಜಾಗ ಗ್ರಂಥಾಲಯ. ಕಳೆದ ವರ್ಷ ಒಂದು ಶಾಖಾ ಗ್ರಂಥಾಲಯಕ್ಕೆ ಹೋಗಿ, ತಿಂಗಳಿಗೊಂದು ಭಾನುವಾರ ಎರಡು ತಾಸು ಜಾಗ ಕೊಡಿ ಎಂದು ಕೇಳಿದೆ. “ಇದು ಪೇಪರ್ ಓದೋ ಜಾಗ ರೀ, ಇದೆಲ್ಲ ಇಲ್ಯಾಕೆ?” ಎಂದರು. ಯಾಕೆಂದರೆ ಅದು ನಮ್ಮ ದುಡ್ಡು ಸ್ವಾಮಿ! 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರ ಕಟ್ಟುತ್ತೇವೆ, ಈಗ ನೂರಕ್ಕೆ ಆರು ರೂಪಾಯಿ. ಕೇಳುವುದು ಭಿಕ್ಷೆಯಲ್ಲ, ಹಕ್ಕು.

ನಮ್ಮ ಬೇಡಿಕೆ ಮೂರೇ. ಒಂದು, ತಿಂಗಳಿಗೊಮ್ಮೆ ಬಡಾವಣೆಯವರು ಹಳೆಯ ಪತ್ರ, ಫೋಟೋ ತರಲಿ. ಅವುಗಳ ನಕಲು ತೆಗೆದು ಮೂಲವನ್ನು ಅಂದೇ ಕೈಗೆ ಕೊಡಬೇಕು. ಎರಡು, ಹಿರಿಯರು ಮಾತಾಡಲಿ, ಹುಡುಗರು ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ದಾಖಲಿಸಲಿ. ಮೂರು, ಹಳೆಯ ಕೈಬರಹ ಮತ್ತು ಕನ್ನಡ ಅಂಕಿ ಓದಲು ಬಲ್ಲವರು ಕಲಿಸಲಿ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಮಾತಾಡುವ ನೆರೆಯವರನ್ನೂ ಕರೆಯಿರಿ. ನಾಲ್ಕು ತಲೆಮಾರು ಇಲ್ಲಿ ಬಾಳಿದ ಅವರ ಕಥೆಯೂ ಈ ಊರಿನ ಕಥೆಯೇ, ಅದನ್ನು ಕನ್ನಡದಲ್ಲಿ ಹೇಳಲಿ. ಆದರೆ ಜಾತಿಯ ಹೆಚ್ಚುಗಾರಿಕೆ ಮೆರೆಸುವವರಿಗೆ ಅಲ್ಲಿ ಕುರ್ಚಿ ಬೇಡ.

ಕಾಗದದ ಕಸುಬಿನವನ ಕಿವಿಮಾತು: ಹಳೆಯ ಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ, ಎರಡೂ ಅದನ್ನು ಕೊಲ್ಲುತ್ತವೆ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ ಹೆಸರು, ಊರು, ಇಸವಿ ಬರೆಯಿರಿ.

ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಕೊಡುವ ಅರ್ಜಿಯನ್ನು ನಾನು ಬಿಟ್ಟಿಯಾಗಿ ಅಚ್ಚು ಹಾಕಿಕೊಡುತ್ತೇನೆ. ನೂರು ಪ್ರತಿ ಬೇಕೆ, ಸಾವಿರ ಬೇಕೆ, ಬನ್ನಿ. ಮೂರು ಚೀಲ ಚರಿತ್ರೆ ಮಾರಿದವನ ಸಾಲ ಅದರಿಂದ ತೀರುವುದಿಲ್ಲ, ಗೊತ್ತು. ಆ ಹುಡುಗ ಇನ್ನೂ ಅಜ್ಜಿಯ ಊರು ಹುಡುಕುತ್ತಿದ್ದಾನೆ. ಇವತ್ತು ಸಂಜೆಯೇ ನಿಮ್ಮ ಅಜ್ಜಿಯ ಪಕ್ಕ ಕೂತು ಕೇಳಿ, ಬರೆದಿಡಿ.

ಸಿರಿಗನ್ನಡಂ ಗೆಲ್ಗೆ!