ಪೂರ್ವಕ್ಕೂ ಒಂದು ರಂಗಮಂದಿರ ಬೇಕು

ಬೆಂಗಳೂರಿನ ಬ್ರಿಗೇಡ್ ರಸ್ತೆ ಮೂಲೆಯ ಒಪೆರಾ ಹೌಸ್ ನಾಟಕ ಕಂಡಿತು, ಸಿನಿಮಾ ಕಂಡಿತು, ವರ್ಷಗಟ್ಟಲೆ ಬೀಗವನ್ನೂ ಕಂಡಿತು. 2018ರಲ್ಲಿ ಅದು ಸ್ಯಾಮ್‌ಸಂಗ್ ಮಳಿಗೆಯಾಯಿತು. ಕಲೆಯ ಜಾಗವನ್ನು ಮಾರುಕಟ್ಟೆಯ ಮರ್ಜಿಗೆ ಬಿಟ್ಟರೆ ಆಗುವುದು ಇಷ್ಟೇ.

ಬೇರೆ ದಾರಿ ಹಿಡಿದವರೂ ಪೂರ್ವ ಬೆಂಗಳೂರಿನಲ್ಲೇ ಇದ್ದಾರೆ. ಇಂದಿರಾನಗರ ಸಂಗೀತ ಸಭಾ ಪುರಂದರ ಭವನವನ್ನು ಕಟ್ಟಿಕೊಂಡಿತು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ಗೆ ದಾನಿಗಳ ನೆರವಿನಿಂದ 2019ರಲ್ಲಿ ಸ್ವಂತ ಕಟ್ಟಡವಾಯಿತು. ವೈಟ್‌ಫೀಲ್ಡ್ ಬಳಿಯ ರಾಮಗೊಂಡನಹಳ್ಳಿಯಲ್ಲಿ ಅರುಂಧತಿ ರಾಜಾ, ಜಗದೀಶ್ ರಾಜಾ ದಂಪತಿ ತಮ್ಮದೇ ಜಮೀನಿನಲ್ಲಿ ‘ಜಾಗೃತಿ’ ಕಟ್ಟಿ 2011ರಲ್ಲಿ ತೆರೆದರು. ಸುಮಾರು ಇನ್ನೂರು ಆಸನ. ಪ್ರೇಕ್ಷಕರ ನಡುವಿಗೇ ಚಾಚಿಕೊಂಡ ರಂಗ. ನಟನ ಹಣೆಯ ಬೆವರೂ ಕಾಣುವಷ್ಟು ಹತ್ತಿರ. ಅಲ್ಲಿ ಇಂಗ್ಲಿಷ್ ನಾಟಕಗಳದ್ದೇ ಮೇಲುಗೈ ಎನ್ನುವುದು ಬೇರೆ ಮಾತು.

ಕನ್ನಡ ನಾಟಕ ಬೇಕೆಂದರೆ ಕೆ.ಆರ್. ಪುರದವರು ಟ್ರಾಫಿಕ್ ಸೀಳಿಕೊಂಡು ಜೆ.ಪಿ. ನಗರದ ರಂಗಶಂಕರ ಮುಟ್ಟಬೇಕು. ತಡವಾದರೆ ಒಳಗೆ ಬಿಡುವುದಿಲ್ಲ! ಇಂಥದೊಂದು ರಂಗಮಂದಿರದ ಕನಸು ಕಂಡಿದ್ದ ನಟ, ನಿರ್ದೇಶಕ ಶಂಕರ್ ನಾಗ್ 1990ರಲ್ಲಿ ತೀರಿಕೊಂಡರು. ಅವರ ಕನಸನ್ನು ಪತ್ನಿ ಅರುಂಧತಿ ನಾಗ್ ಮತ್ತು ಗೆಳೆಯರು ಕೈಬಿಡದೆ, 2004ರಲ್ಲಿ ರಂಗಶಂಕರದ ಬಾಗಿಲು ತೆರೆದರು. ಸರ್ಕಾರ ಜಾಗ ಕೊಟ್ಟಿತು, ದಾನಿಗಳು ದುಡ್ಡು ಕೊಟ್ಟರು, ತಂಡಗಳಿಗೆ ಕೈಗೆಟುಕುವ ಬಾಡಿಗೆ ಸಿಕ್ಕಿತು.

ಹಲಸೂರು, ಶಿವಾಜಿನಗರದ ಗಲ್ಲಿಗಳಲ್ಲಿ ಕನ್ನಡ, ತಮಿಳು, ಉರ್ದು ಒಟ್ಟಿಗೇ ಕಿವಿಗೆ ಬೀಳುತ್ತವೆ. ಈ ಮೂರಕ್ಕೂ ವೇದಿಕೆಯಾಗುವಂತೆ ನೇರಳೆ ಮೆಟ್ರೊ ಮಾರ್ಗದ ಸನಿಹದಲ್ಲಿ ಸರ್ಕಾರ ಒಂದು ನಾಗರಿಕ ಸೌಲಭ್ಯ ನಿವೇಶನ ಗುರುತಿಸಲಿ. ನಿರ್ವಹಣೆ ಸ್ಥಳೀಯ ಟ್ರಸ್ಟ್‌ನದ್ದಾಗಲಿ. ಮದುವೆ, ಆರತಕ್ಷತೆಗೆ ಬಾಡಿಗೆ ಕೊಡಕೂಡದು ಎಂಬ ಷರತ್ತು ಕರಾರಿನ ಮೊದಲ ಪುಟದಲ್ಲೇ ಇರಲಿ.